ಅತ್ತೆಗೆ ಬೆನ್ನು ಬಂದದ್ದು

ನಮ್ಮ ಸೋದರತ್ತೆ ಹೈಸ್ಕೂಲಿನಲ್ಲಿ ಗಣಿತ ಪಾಠ ಮಾಡಿ ನಿವೃತ್ತರಾದ ಮೇಲೆ ಕಂಪ್ಯೂಟರ್ ಗೇಮಿನ ನಾಯಕಿಯಾದರು. ಅದಕ್ಕೆ ಅವರು ಅರ್ಜಿ ಹಾಕಿದ್ದಲ್ಲ. ತೊಂಬತ್ತರ ದಶಕದ ನಡುವಿನಲ್ಲಿ ನಾನು ಚಿತ್ರಕಲೆ ಓದಿ ಮುಗಿಸಿ, ಜಯನಗರ ನಾಲ್ಕನೇ ಬ್ಲಾಕಿನ ಒಂದು ಕಂಪ್ಯೂಟರ್ ತರಬೇತಿ ಸಂಸ್ಥೆಯಲ್ಲಿ ಮಕ್ಕಳಿಗೆ ಪರದೆಯ ಮೇಲೆ ಚಿತ್ರ ಬರೆಯುವುದನ್ನು ಹೇಳಿಕೊಡುತ್ತಿದ್ದೆ. ಪಕ್ಕದ ಕೋಣೆಯಲ್ಲಿ ಪ್ರೋಗ್ರಾಮಿಂಗ್ ಪಾಠ ಮಾಡುತ್ತಿದ್ದವನು ನನ್ನದೇ ವಯಸ್ಸಿನವನು, ಮಾತು ಜಾಸ್ತಿ. ಮಧ್ಯಾಹ್ನದ ಹೊತ್ತು ಬ್ಯಾಚುಗಳಿಲ್ಲದೆ ಕಂಪ್ಯೂಟರುಗಳು ಸುಮ್ಮನೆ ಕೂತಿರುತ್ತಿದ್ದವು. ಒಂದು ದಿನ, ಹುಡುಗಿಯರನ್ನೂ ಗುರು ಅಂತಲೇ ಕರೆಯುವ ಅವನು, "ಗುರು, ನಾವೇ ಒಂದು ಗೇಮ್ ಮಾಡೋಣ. ನೀನು ಬರಿ, ನಾನು ಓಡಿಸ್ತೀನಿ" ಅಂದ. ಆ ಮಾತಿನಿಂದ ಅವನು ನನ್ನ ಪಾರ್ಟ್‌ನರ್ ಆದ, ಆಮೇಲೆ ಹತ್ತು ಹನ್ನೆರಡು ವರ್ಷ ಹಾಗೇ ಉಳಿದ.

ಯಾರನ್ನು ಬರೆಯಬೇಕು ಅನ್ನುವುದು ತಕ್ಷಣ ಹೊಳೆಯಲಿಲ್ಲ. ಆ ಭಾನುವಾರ ನಮ್ಮ ಮನೆಯ ಮಹಡಿಯ ಮೇಲೆ ಬಟ್ಟೆ ಒಣಗಿಸುತ್ತಾ ಕೆಳಗೆ ನೋಡಿದೆ. ಅತ್ತೆ ಮಾರ್ಕೆಟ್ಟಿಗೆ ಹೊರಟಿದ್ದರು. ಅವರು ನಮ್ಮ ಜೊತೆಯಲ್ಲೇ ಇದ್ದವರು, ಮದುವೆ ಬೇಡ ಅಂತ ಬಹಳ ಹಿಂದೆಯೇ ಹೇಳಿ ಆ ವಿಷಯ ಮುಗಿಸಿದ್ದರು. ಬಲಗೈಯಲ್ಲಿ ಬ್ಯಾಗು, ಅದರ ಭಾರಕ್ಕೆ ಎಡಕ್ಕೆ ವಾಲಿದ ಮೈ, ಮುಂದಕ್ಕೆ ಚಾಚಿದ ತಲೆ. ಕಾಪಿ ಹೊಡೆಯುವವನನ್ನು ಹಿಡಿಯಲು ಹೊರಟಿರುವ ನಡಿಗೆ. ಬ್ಯಾಗು ಖಾಲಿ ಇದ್ದಾಗಲೂ ಅವರು ಹಾಗೇ ವಾಲುತ್ತಿದ್ದರು, ಅಭ್ಯಾಸ. ನಾನು ಬಟ್ಟೆ ಅಲ್ಲೇ ಬಿಟ್ಟು ಗ್ರಾಫ್ ಹಾಳೆ ತಂದು, ಒಂದೊಂದು ಚೌಕಕ್ಕೆ ಬಣ್ಣ ತುಂಬಿ ಆ ನಡಿಗೆಯನ್ನು ಬಿಡಿಸಿದೆ.

ಗೇಮಿನಲ್ಲಿ ಅತ್ತೆಯ ಹೆಸರು ಆಂಟಿ. ಆಟ ಸುಲಭದ್ದು. ಆಂಟಿ ಒಲೆಯ ಮೇಲೆ ಕುಕ್ಕರ್ ಇಟ್ಟು ಮನೆಯಿಂದ ಹೊರಡುತ್ತಾರೆ. ದಾರಿಯಲ್ಲಿ ತರಕಾರಿ ಆರಿಸಿಕೊಳ್ಳಬೇಕು, ನಾಯಿಯನ್ನೂ ಮೋರಿಯನ್ನೂ ದಾಟಬೇಕು, ಆಟೋದಿಂದ ತಪ್ಪಿಸಿಕೊಳ್ಳಬೇಕು, ಕುಕ್ಕರ್ ಮೂರು ಸಲ ಕೂಗುವುದರೊಳಗೆ ಮನೆ ಸೇರಬೇಕು. ತಪ್ಪಿದರೆ ಮೋರಿಗೆ ಬಿದ್ದು ಕಾಲು ಮೇಲಾಗುತ್ತದೆ.

ಅತ್ತೆಗೆ ಮೊದಲೇ ತೋರಿಸಿದೆ. ಕನ್ನಡಕ ಏರಿಸಿ, ಪರದೆಗೆ ಮೂಗು ತಾಗುವಷ್ಟು ಬಗ್ಗಿ ನೋಡಿದರು.

"ನಾನು ಇಷ್ಟು ದಪ್ಪ ಇದೀನೇನೆ?"

"ಇಲ್ಲ ಅತ್ತೆ, ಇದರಲ್ಲಿ ಇರೋದೇ ಇಷ್ಟು ಚುಕ್ಕೆ. ಅಷ್ಟರಲ್ಲೇ ನಿಮ್ಮನ್ನ ಕೂರಿಸಬೇಕು."

"ಹಾಗಾದ್ರೆ ಎರಡು ಚುಕ್ಕೆ ತೆಗಿ."

ತೆಗೆದೆ. ಆಂಟಿಗೆ ಹೊಟ್ಟೆ ಹೋಯಿತು, ಜೊತೆಗೆ ಬ್ಯಾಗಿನ ಹಿಡಿಯೂ ಹೋಯಿತು. ಆಮೇಲೆ ಹೊಟ್ಟೆಯನ್ನು ಗುಟ್ಟಾಗಿ ವಾಪಸ್ಸು ಹಾಕಿದೆ.

ಇನ್ನೊಂದು ತಕರಾರೂ ಅವರದೇ. ಆಂಟಿಯನ್ನು ಎಡಕ್ಕೆ ತಿರುಗಿಸಬೇಕಾದರೆ ಚಿತ್ರವನ್ನು ಕನ್ನಡಿಯ ಹಾಗೆ ಮಗುಚಿದರೆ ಸಾಕು, ಆಗಿನ ಗೇಮುಗಳಲ್ಲಿ ಎಲ್ಲರೂ ಮಾಡುತ್ತಿದ್ದದ್ದು ಅದನ್ನೇ. ಮಗುಚಿದ ಕೂಡಲೇ ಸೆರಗು ಬಲಭುಜಕ್ಕೆ ಬಂತು. "ನಾನು ಯಾವತ್ತು ಬಲಗಡೆ ಸೆರಗು ಹಾಕಿದ್ದೆ?" ಅಂತ ಕೇಳಿದರು. ಅವರ ಪ್ರಶ್ನೆಗೆ ಉತ್ತರ ಹೇಳದೆ ಮುಂದಕ್ಕೆ ಹೋಗುವ ಧೈರ್ಯ ನಮ್ಮಿಬ್ಬರಿಗೂ ಇರಲಿಲ್ಲ. ಆದ್ದರಿಂದ ಆಂಟಿ ಎಡಕ್ಕೆ ತಿರುಗುವುದೇ ಬೇಡ ಅಂತ ತೀರ್ಮಾನಿಸಿದೆವು. ಎಡತುದಿಯ ಮನೆಯಿಂದ ಹೊರಟು, ಬಲಕ್ಕೇ ನಡೆದು, ಬಲತುದಿಯಲ್ಲಿರುವ ಅದೇ ಮನೆಗೆ ಬಂದು ಸೇರುತ್ತಿದ್ದರು. ಹಾಗೆ ಮೂರು ಭಾಗಗಳು ಬಂದವು. ಎರಡನೆಯದರಲ್ಲಿ ಮಳೆ, ಮೂರನೆಯದರಲ್ಲಿ ಬಸ್ಸು. ಫ್ಲಾಪಿಗಳು ಕೈಯಿಂದ ಕೈಗೆ ಹೋಗಿ, ವಿಲ್ಸನ್ ಗಾರ್ಡನ್‌ನಿಂದ ಬನಶಂಕರಿಯವರೆಗೆ ತರಬೇತಿಗೆ ಬಂದವರೆಲ್ಲ ಪಾಠಕ್ಕಿಂತ ಅದನ್ನೇ ಚೆನ್ನಾಗಿ ಕಲಿತರು. ಒಬ್ಬರಾದರೂ ಎರಡು ಮನೆ ಯಾಕೆ ಅಂತ ಕೇಳಲಿಲ್ಲ.

ಎರಡು ಸಾವಿರದ ಇಸವಿ ದಾಟುವ ಹೊತ್ತಿಗೆ ಪಾರ್ಟ್‌ನರ್ ಸಂಸ್ಥೆ ಬಿಟ್ಟು, ಜೆ.ಪಿ. ನಗರದಲ್ಲಿ ಒಂದು ಮನೆಯ ಮಹಡಿ ಬಾಡಿಗೆಗೆ ಹಿಡಿದು ಸಣ್ಣ ಕಂಪನಿ ಶುರು ಮಾಡಿದ್ದ, ನಾನೂ ಸೇರಿದ್ದೆ. ಕೆಳಗೆ ಮನೆಯ ಯಜಮಾನರು, ಬ್ಯಾಂಕಿನಿಂದ ನಿವೃತ್ತರಾದವರು, ನೀರಿನ ಮೋಟರಿನ ಬಗ್ಗೆ ಬಹಳ ಕಾಳಜಿ ಇದ್ದವರು. ನಾವು ಶಾಲೆಗಳಿಗೆ ಪಾಠದ ಸಿ.ಡಿ. ಮಾಡಿಕೊಡುತ್ತಿದ್ದೆವು. ಕಪ್ಪೆಯ ಹೃದಯ, ಚಂದ್ರಗ್ರಹಣ, ಇಂಥವು. ಅಷ್ಟರಲ್ಲಿ ಬೀದಿಗೊಂದು ಸೈಬರ್ ಕೆಫೆ ಬಂದಿತ್ತು. ಅಲ್ಲಿ ಹೋಗಿ ನಮ್ಮ ಹಳೇ ಗೇಮು ಹಾಕಿಸಿ ಅಂದರೆ ನಗುತ್ತಿದ್ದರು. ಎಲ್ಲರೂ ಗೋಡೆಯ ಮೂಲೆಯಿಂದ ಇಣುಕಿ ಒಬ್ಬರಿಗೊಬ್ಬರು ಗುಂಡು ಹೊಡೆದುಕೊಳ್ಳುವ ಆಟದಲ್ಲಿ ಮುಳುಗಿದ್ದರು.

ಒಂದು ಸೋಮವಾರ ಪಾರ್ಟ್‌ನರ್, ಕಾಶಿಯಾತ್ರೆಗೆ ಕರೆದುಕೊಂಡು ಹೋಗುವವನ ಹಾಗೆ, "ಗುರು, ಆಂಟಿನ ತ್ರೀಡಿಗೆ ಕರ್ಕೊಂಡು ಹೋಗೋಣ" ಅಂದ.

ಆಂಟಿ ಎಲ್ಲ ಕಡೆಯಿಂದಲೂ ಕಾಣುವ ಹಾಗೆ ಮಾಡುವ ವಿದ್ಯೆ ನಮಗಿರಲಿಲ್ಲ. ಹಾಗಾಗಿ ಒಬ್ಬ ಇಂಜಿನಿಯರ್ ಬಂದ. ಹುಬ್ಬಳ್ಳಿಯವನು, ಬಿಟಿಎಂ ಲೇಔಟಿನಲ್ಲಿ ರೂಮು ಮಾಡಿಕೊಂಡಿದ್ದ, ಸೇತುವೆ ಕಟ್ಟುವ ಕಂಪನಿಯೊಂದಕ್ಕೆ ಸೇತುವೆಗಳ ತ್ರೀಡಿ ಮಾದರಿ ಮಾಡಿಕೊಟ್ಟ ಅನುಭವ ಇತ್ತು. ಮನುಷ್ಯರನ್ನು ಮಾಡಿರಲಿಲ್ಲ. ಸೇತುವೆ ನಿಂತಲ್ಲೇ ನಿಲ್ಲುತ್ತದೆ, ಆಂಟಿ ನಡೆಯುತ್ತಾರೆ, ವ್ಯತ್ಯಾಸ ಅಷ್ಟೇ ಅಂತ ಪಾರ್ಟ್‌ನರ್ ಅವನಿಗೆ ಧೈರ್ಯ ಹೇಳಿದ. ಇಂಜಿನಿಯರ್ ಮೂರೂ ಭಾಗಗಳನ್ನು ಶ್ರದ್ಧೆಯಿಂದ ಆಡಿ ಮುಗಿಸಿ ನನ್ನ ಮೇಜಿನ ಹತ್ತಿರ ಬಂದು ನಿಂತ.

"ಮೇಡಂ, ಇವರಿಗೆ ಎರಡು ಮನಿ ಅದಾವೇನ್ರಿ?"

"ಇಲ್ಲಪ್ಪ, ಒಂದೇ."

"ಹಂಗಾರ ಇವರು ತಿರುಗಿ ಬರಬೇಕಲ್ರಿ. ತಿರುಗಿದ್ರ ಬೆನ್ನು ಕಾಣ್ತೈತಿ. ಬೆನ್ನು ಎಲ್ಲಿ ಐತಿ?"

ನಾನು ಡ್ರಾಯರಿನಿಂದ ಹಳೇ ಗ್ರಾಫ್ ಹಾಳೆಗಳನ್ನೆಲ್ಲ ತೆಗೆದು ಹರಡಿದೆ. ಎಲ್ಲದರಲ್ಲೂ ಅತ್ತೆ ಬಲಕ್ಕೆ ಹೋಗುತ್ತಿದ್ದರು. ವರ್ಷಗಟ್ಟಲೆ ಬರೆದಿದ್ದೇನೆ, ಅವರಿಗೆ ಬೆನ್ನಿರಲಿ, ಎಡಗಿವಿಯೂ ಇರಲಿಲ್ಲ.

ಹೀಗೆ ಅತ್ತೆಯನ್ನು ಆಫೀಸಿಗೆ ಕರೆಸಬೇಕಾಯಿತು. ಅವರು ಇಸ್ತ್ರಿ ಮಾಡಿದ ಮೈಸೂರು ಸಿಲ್ಕ್ ಉಟ್ಟುಕೊಂಡು, ಡಬ್ಬಿಯಲ್ಲಿ ಕೋಡುಬಳೆ ತುಂಬಿಕೊಂಡು ಆಟೋದಲ್ಲಿ ಬಂದರು. ಸುತ್ತ ಎಲ್ಲ ಕಡೆಯಿಂದಲೂ ಫೋಟೋ ಬೇಕು ಅಂತ ವಿವರಿಸಿದೆವು. ತಿರುಗುವ ಕುರ್ಚಿಯ ಮೇಲೆ ಕೂರಿಸಿ ತಿರುಗಿಸೋಣ ಅನ್ನುವುದು ಪಾರ್ಟ್‌ನರ್‌ನ ಯೋಚನೆ. ಅತ್ತೆ ಕುರ್ಚಿಯನ್ನೂ ಅವನನ್ನೂ ಒಂದೇ ದೃಷ್ಟಿಯಲ್ಲಿ ನೋಡಿ, "ಅದೇನೂ ಬೇಡ. ಆತ್ಮಪ್ರದಕ್ಷಿಣೆ ಹಾಕ್ತೀನಿ, ನೀವು ತೆಗೀತಾ ಹೋಗಿ" ಅಂದರು.

ದೇವಸ್ಥಾನದಲ್ಲಿ ನಿಂತಲ್ಲೇ ಸುತ್ತುವ ಹಾಗೆ ನಿಧಾನವಾಗಿ ಸುತ್ತಿದರು. ಪಾರ್ಟ್‌ನರ್ ತನ್ನ ಭಾವನಿಂದ ತಂದ ಡಿಜಿಟಲ್ ಕ್ಯಾಮೆರಾದಲ್ಲಿ ಕ್ಲಿಕ್ಕಿಸುತ್ತಾ ಹೋದ. ಎಲ್ಲ ಚೆನ್ನಾಗಿಯೇ ಬಂತು. ಮಾದರಿ ತಯಾರಾದ ಮೇಲೆ ನೋಡಿದರೆ ಆಂಟಿ ಮತ ಕೇಳಲು ಬಂದವರ ಹಾಗೆ ಕೈ ಮುಗಿದುಕೊಂಡು ನಿಂತಿದ್ದರು. ಆತ್ಮಪ್ರದಕ್ಷಿಣೆ ಅಂದಮೇಲೆ ಅತ್ತೆಯ ಕೈಗಳು ತಾವಾಗಿ ಜೋಡಿಕೊಂಡಿದ್ದವು, ಫೋಟೋ ತೆಗೆದ ನಾವಿಬ್ಬರೂ ಅದನ್ನು ಗಮನಿಸಿರಲಿಲ್ಲ. ಇಂಜಿನಿಯರ್ ಪಾಪ, ಇದೂ ಪಾತ್ರದ ಒಂದು ಗುಣ ಇರಬಹುದು ಅಂದುಕೊಂಡು ಒಂದೊಂದು ಬೆರಳನ್ನೂ ಮಾಡಿದ್ದ.

ಎರಡನೇ ಸಲ ಬ್ಯಾಗು ಹಿಡಿಸಿ ತೆಗೆದೆವು. ಅವತ್ತು ಅತ್ತೆ ಪರದೆಯ ಮೇಲೆ ತಮ್ಮ ಹಿಂಭಾಗದ ಫೋಟೋ ನೋಡುತ್ತಾ ಬಹಳ ಹೊತ್ತು ಕೂತರು. ಬೆನ್ನು ಸ್ವಲ್ಪ ಬಾಗಿತ್ತು, ತುರುಬು ಸಣ್ಣ ನಿಂಬೆಹಣ್ಣಿನಷ್ಟಿತ್ತು.

"ನಾನು ಬೋರ್ಡಿನ ಮೇಲೆ ಬರೀತಾ ಇದ್ದಾಗ ಮಕ್ಕಳು ಅಷ್ಟು ವರ್ಷ ನೋಡಿದ್ದು ಇದನ್ನೇ ಅಲ್ವಾ" ಅಂದರು. ಅವರ ದನಿಯಲ್ಲಿ ದುಃಖ ಇರಲಿಲ್ಲ, ಲೆಕ್ಕದಲ್ಲಿ ಬಿಟ್ಟುಹೋದ ಒಂದು ಹಂತ ಸಿಕ್ಕಿದವರ ಹಾಗಿತ್ತು. ಇಂಜಿನಿಯರ್ ಆಚೆ ಹೋದ ಮೇಲೆ ನನ್ನ ಕಿವಿಯ ಹತ್ತಿರ ಬಗ್ಗಿ, "ತುರುಬು ಮಾತ್ರ ಒಂಚೂರು ದೊಡ್ಡದು ಮಾಡೇ, ಯಾರಿಗೂ ಹೇಳಬೇಡ" ಅಂದರು. ಮಾಡಿದೆ. ಈಗ ಹೇಳಿದ್ದಕ್ಕೆ ಅವರು ಬೇಜಾರು ಮಾಡಿಕೊಳ್ಳಲಾರರು.

ಬೆನ್ನು ಸಿಕ್ಕಿತು, ಸೀರೆ ಸಿಗಲಿಲ್ಲ. ಹಳೇ ಆಟದ ಟೂಡಿಯಲ್ಲಿ ಸೀರೆ ಅಂದರೆ ಹಸಿರು ಚೌಕಗಳು, ಕೆಳಗೆ ಒಂದು ಕೆಂಪು ಗೆರೆ. ತ್ರೀಡಿಯಲ್ಲಿ ಅದರೊಳಗೆ ಕಾಲಿರಬೇಕು. ಇಂಜಿನಿಯರ್ ಮೊದಲು ಮಾಡಿದ ಆಂಟಿ ಗ್ಯಾಸ್ ಸಿಲಿಂಡರಿನ ಹಾಗೆ ನೆಲದ ಮೇಲೆ ಜಾರಿಕೊಂಡು ಹೋದರು. ಕಾಲು ಹಾಕಿದ ಮೇಲೆ ಪ್ರತಿ ಹೆಜ್ಜೆಗೂ ಮಂಡಿ ಸೀರೆಯನ್ನು ತೂರಿಕೊಂಡು ಹೊರಗೆ ಬಂತು. ಅತ್ತೆ ನೋಡುವ ಮೊದಲು ಇದನ್ನು ಸರಿ ಮಾಡಲೇಬೇಕು ಅಂತ ಮೂವರೂ ಒಪ್ಪಿಕೊಂಡೆವು. ಆದರೆ ಅತ್ತೆಗೆ ಆಫೀಸಿನ ರುಚಿ ಹತ್ತಿತ್ತು. ಹೇಳದೆ ಬಂದುಬಿಟ್ಟರು.

"ಇದೇನಪ್ಪ ಇದು?"

"ಅಕ್ಕಾರ, ನಾ ಏನ್ ಮಾಡ್ಲಿ ಹೇಳ್ರಿ" ಅಂದ ಇಂಜಿನಿಯರ್. "ಕಾಲು ಇಲ್ಲಂದ್ರ ನಡಿಯೂದಿಲ್ಲ. ಕಾಲು ಹಾಕಿದ್ರ ಸೀರಿ ಹರೀತೈತಿ."

ಅರವತ್ತು ದಾಟಿದವರನ್ನು ಅಕ್ಕಾ ಅಂದದ್ದಕ್ಕೆ ಅತ್ತೆಗೆ ಅವನ ಮೇಲೆ ಮೊದಲ ದಿನವೇ ಅಭಿಮಾನ ಹುಟ್ಟಿತ್ತು. ಹಾಗಾಗಿ ಬೈಯಲಿಲ್ಲ. "ನೆರಿಗೆ ಎಲ್ಲಿ? ನೆರಿಗೆ ಇಲ್ಲದೆ ಕಾಲು ಹೇಗೆ ಆಡತ್ತೆ? ನೀನು ಸೀರೆ ಉಡೋದನ್ನ ನೋಡಿದೀಯಾ?"

ಅವನು ನಾಚಿಕೊಂಡು, ಇಲ್ಲ, ತಮ್ಮ ಮನೆಯಲ್ಲಿ ಎಲ್ಲ ಗಂಡುಮಕ್ಕಳೇ, ಅವ್ವ ಬಾಗಿಲು ಹಾಕಿಕೊಂಡು ಉಡುತ್ತಿದ್ದರು ಅಂದ. ಅತ್ತೆಗೆ ಇದು ಸಿಲಬಸ್ಸಿನಲ್ಲಿ ಬಿಟ್ಟುಹೋದ ಅಧ್ಯಾಯದ ಹಾಗೆ ಕಂಡಿರಬೇಕು. ಮಾರನೇ ದಿನ ಒಂದು ಹಳೇ ಹತ್ತಿ ಸೀರೆ ತಂದರು. ಮೊದಲು ಕಂಬಕ್ಕೆ ಉಡಿಸಿ ತೋರಿಸಿದರು. ಕಂಬ ನಡೆಯದ ಕಾರಣ ಅದು ಪ್ರಯೋಜನಕ್ಕೆ ಬರಲಿಲ್ಲ. ನನಗೆ ಉಡಿಸಿ ಅಂದೆ, "ನೀನು ಉಟ್ಟರೆ ಅವನಿಗೆ ಏನು ಅರ್ಥ ಆಗತ್ತೆ, ಉಟ್ಟವನಿಗೇ ಗೊತ್ತಾಗೋದು" ಅಂತ ಇಂಜಿನಿಯರನನ್ನೇ ಎಬ್ಬಿಸಿ ನಿಲ್ಲಿಸಿದರು.

ಪ್ಯಾಂಟಿನ ಮೇಲೇ ಉಡಿಸಿದರು. ಬೆಲ್ಟಿಗೆ ನೆರಿಗೆ ಸಿಕ್ಕಿಸಿದರು. ಸೆರಗು ಎಡಭುಜದ ಮೇಲೆ ಎಳೆದು, ಜೇಬಿನಲ್ಲಿದ್ದ ಪೆನ್ನಿಗೆ ತಗಲುತ್ತಿದೆ ಅಂತ ಪೆನ್ನು ಕಿತ್ತು ಮೇಜಿನ ಮೇಲಿಟ್ಟರು. ಕೈಗೆ ಬ್ಯಾಗು ಕೊಟ್ಟರು. "ಈಗ ನಡಿ. ಅಷ್ಟು ದೊಡ್ಡ ಹೆಜ್ಜೆ ಅಲ್ಲ. ಸಣ್ಣದು. ಬ್ಯಾಗು ಬೀಸಬೇಡ." ಪಾರ್ಟ್‌ನರ್ ಕ್ಯಾಮೆರಾದಲ್ಲಿ ವಿಡಿಯೋ ಹಿಡಿಯುತ್ತಿದ್ದ. ಇಂಜಿನಿಯರ್ ಕಿಟಕಿಯಿಂದ ಬಾಗಿಲಿಗೆ, ಬಾಗಿಲಿನಿಂದ ಕಿಟಕಿಗೆ, ತುಟಿ ಕಚ್ಚಿಕೊಂಡು ನಡೆದ.

ಆಗ ಮನೆಯ ಯಜಮಾನರು ಮೆಟ್ಟಿಲು ಹತ್ತಿ ಬಂದು ಬಾಗಿಲಲ್ಲಿ ನಿಂತರು. ಅವರ ಕಡೆಗೇ ನಡೆದು ಬರುತ್ತಿದ್ದ ಇಂಜಿನಿಯರ್ ನಿಂತ.

"ಮೋಟರ್ ಆಫ್ ಮಾಡೋದು ಮರೆತಿದೀರಿ, ಅದಕ್ಕೆ ಬಂದೆ" ಅಂದರು ಯಜಮಾನರು.

"ಮಾಡ್ತೀವಿ ಸಾರ್" ಅಂದ ಪಾರ್ಟ್‌ನರ್.

"ನಿಧಾನವಾಗಿ ಮಾಡಿ" ಅಂತ ಹೇಳಿ ಅವರು ಇಳಿದು ಹೋದರು. ಅವತ್ತಿನಿಂದ ಆ ಮನೆ ಖಾಲಿ ಮಾಡುವವರೆಗೂ ಅವರು ಕಾಲಿಂಗ್ ಬೆಲ್ ಒತ್ತಿ, ಉತ್ತರ ಬರುವ ತನಕ ಮೆಟ್ಟಿಲಲ್ಲೇ ಕಾಯುತ್ತಿದ್ದರು.

ಆ ಪಾಠದಿಂದ ನಿಜವಾಗಿ ಉಪಯೋಗವಾಯಿತು. ನೆರಿಗೆ ಬಂತು, ಹೆಜ್ಜೆ ಇಟ್ಟರೆ ನೆರಿಗೆ ಬಿಚ್ಚಿ ಮತ್ತೆ ಮುಚ್ಚುತ್ತಿತ್ತು. ನನಗಂತೂ ಕಣ್ಣು ತುಂಬಿ ಬಂತು. ಅತ್ತೆಯನ್ನು ಕರೆದು ತೋರಿಸಿದೆವು. ಆಂಟಿ ಪರದೆಯ ಈ ತುದಿಯಿಂದ ಆ ತುದಿಗೆ ನಡೆದರು. ಅತ್ತೆ ಕೋಡುಬಳೆ ಮುರಿಯುತ್ತಾ ನೋಡಿ, "ಚೆನ್ನಾಗಿದೆ. ಆದರೆ ಇದು ನಾನಲ್ಲ, ಇವನು" ಅಂದರು.

ನಿಜ. ಇಂಜಿನಿಯರ್ ವಿಡಿಯೋ ಇಟ್ಟುಕೊಂಡು ನಡಿಗೆ ಮಾಡಿದ್ದ, ವಿಡಿಯೋದಲ್ಲಿ ಇದ್ದದ್ದು ಅವನೇ. ಹುಬ್ಬಳ್ಳಿಯ ಗಟ್ಟಿ ಹೆಗಲುಗಳನ್ನು ಹೊತ್ತ ಆಂಟಿ, ಕುಸ್ತಿ ಅಖಾಡಕ್ಕೆ ಇಳಿಯುವವರ ಹಾಗೆ ಸೊಪ್ಪು ತರಲು ಹೋಗುತ್ತಿದ್ದರು. ಮತ್ತೆ ಅತ್ತೆಯನ್ನೇ ನಡೆಸಿ ಮಾಡಬೇಕಾಯಿತು. ಈ ಸಲ ಅವರು ಕ್ಯಾಮೆರಾ ಇದೆ ಅಂತ ಬೆನ್ನು ನೆಟ್ಟಗೆ ಮಾಡಿಕೊಂಡು, ಗಣರಾಜ್ಯೋತ್ಸವದ ಕವಾಯತಿನ ಹಾಗೆ ನಡೆದರು. ಕಡೆಗೆ ನಾನು ಅವರ ಜೊತೆ ನಿಜವಾಗಿಯೇ ಜಯನಗರ ಕಾಂಪ್ಲೆಕ್ಸಿನ ಮಾರ್ಕೆಟ್ಟಿಗೆ ತರಕಾರಿಗೆ ಹೋದೆ, ಪಾರ್ಟ್‌ನರ್ ಹಿಂದೆ ದೂರದಲ್ಲಿ ಕ್ಯಾಮೆರಾ ಹಿಡಿದು ಬಂದ. ಬೀನ್ಸ್ ಮಾರುವವರು, "ಮೇಡಂ, ಯಾರೋ ನಿಮ್ಮ ಫೋಟೋ ತೆಗೀತಾ ಇದಾರೆ" ಅಂತ ಎಚ್ಚರಿಸಿದರು. ಅತ್ತೆ ತಲೆ ಎತ್ತದೆ, "ತೆಗೀಲಿ, ಅದು ಆಫೀಸು ಕೆಲಸ" ಅಂತ ಬೀನ್ಸ್ ಮುರಿದು ನೋಡಿದರು. ಆ ನಡಿಗೆ ಸರಿಯಾಗಿ ಬಂತು.

ಇನ್ನು ಕ್ಯಾಮೆರಾದ ಕಥೆ. ಗೇಮಿನೊಳಗೂ ಒಂದು ಕ್ಯಾಮೆರಾ ಬೇಕು, ಅದು ಆಂಟಿಯ ಹಿಂದೆಯೇ ಹೋಗಬೇಕು, ಆಗಲೇ ಆಡುವವರಿಗೆ ಮುಂದಿನ ದಾರಿ ಕಾಣುವುದು. ಅತ್ತೆ ಮೊದಲ ಸಲ ಕೀಲಿಮಣೆ ಹಿಡಿದು ಕೂತಾಗ ಆಂಟಿಯನ್ನು ಹತ್ತು ಹೆಜ್ಜೆ ನಡೆಸಿ ಗಕ್ಕನೆ ಹಿಂದಕ್ಕೆ ತಿರುಗಿಸಿದರು. ಕ್ಯಾಮೆರಾವೂ ತಿರುಗಿತು. ಮತ್ತೆ ತಿರುಗಿಸಿದರು, ಅದೂ ತಿರುಗಿತು.

"ಏನು ನೋಡ್ತಿದೀರಿ ಅತ್ತೆ?"

"ಯಾರೋ ನನ್ನ ಹಿಂದೇನೇ ಬರ್ತಿದಾರಲ್ಲೇ."

"ಅದು ನೀವೇ ಅತ್ತೆ. ಆಡೋರು. ನೀವು ಹಿಂದೆ ನಿಂತು ನೋಡ್ತಾ ಇದೀರಿ."

"ನಾನು ಮುಂದೆ ಇದೀನಿ, ಹಿಂದೇನೂ ನಾನೇ ಅಂದರೆ ಹೇಗೆ?" ಅಂದರು ಗಣಿತದ ಟೀಚರು. ಅದಕ್ಕೆ ನಾವು ಕೊಟ್ಟ ವಿವರಣೆ ಯಾವುದೂ ಅವರಿಗೆ ಒಪ್ಪಿಗೆಯಾಗಲಿಲ್ಲ. ಇಪ್ಪತ್ತು ನಿಮಿಷ ಹೀಗೆ ಸುತ್ತಿ ಸುತ್ತಿ ಕಡೆಗೆ ಅವರಿಗೆ ತಲೆ ತಿರುಗಿ, ಮುಖ ಬಿಳಿಚಿಕೊಂಡಿತು. ಅವರಿಗಷ್ಟೇ ಅಲ್ಲ, ನನಗೂ ಪಾರ್ಟ್‌ನರ್‌ಗೂ ಹಾಗೇ ಆಗುತ್ತಿತ್ತು, ಮರ್ಯಾದೆಗೆ ಯಾರೂ ಹೇಳಿರಲಿಲ್ಲ. ಮಾರನೇ ದಿನ ಅತ್ತೆ ಘಟ್ಟದ ಬಸ್ಸು ಹತ್ತುವವರ ಹಾಗೆ ಸಿದ್ಧರಾಗಿ ಬಂದರು. ಕೈಯಲ್ಲಿ ನಿಂಬೆಹಣ್ಣು, ಪರ್ಸಿನಲ್ಲಿ ಪೆಪ್ಪರ್‌ಮಿಂಟು. ಆಂಟಿ ತಿರುಗಿದಾಗಲೆಲ್ಲ ನಿಂಬೆಹಣ್ಣು ಮೂಸುತ್ತಿದ್ದರು. ಅದರಿಂದ ಆರಾಮ ಇದೆ ಅಂತ ಗೊತ್ತಾದ ಮೇಲೆ ನಮ್ಮ ಎಲ್ಲರ ಮೇಜಿನ ಮೇಲೂ ಒಂದೊಂದು ನಿಂಬೆಹಣ್ಣು ಬಂತು. ಕಂಪ್ಯೂಟರ್ ರಿಪೇರಿಗೆ ಬಂದವರೊಬ್ಬರು ಅದನ್ನು ನೋಡಿ, ಇಲ್ಲಿ ಯಾರಿಗಾದರೂ ದೃಷ್ಟಿಯಾಗಿದೆಯಾ ಅಂತ ಮೆಲ್ಲಗೆ ವಿಚಾರಿಸಿದರು. ಇಂಜಿನಿಯರ್ ಕ್ಯಾಮೆರಾವನ್ನು ನಿಧಾನ ಮಾಡಿದ, ಸ್ವಲ್ಪ ಮೇಲಕ್ಕೂ ಎತ್ತಿದ. ಮಹಡಿಯ ಮೇಲೆ ಬಟ್ಟೆ ಒಣಗಿಸುವವರಿಗೆ ಕಾಣುವಷ್ಟು ಎತ್ತರಕ್ಕೆ ಬಂದಾಗ ಎಲ್ಲರಿಗೂ ಹಾಯೆನಿಸಿತು.

ಆಮೇಲೆ ಮೋರಿ. ಪಕ್ಕದಿಂದ ನೋಡುವಾಗ ಮೋರಿ ಎಲ್ಲಿ ಶುರು, ಎಲ್ಲಿ ಮುಗಿಯಿತು ಅಂತ ಸ್ಪಷ್ಟ. ಹಿಂದಿನಿಂದ ನೋಡಿದರೆ ಗೊತ್ತಾಗುವುದಿಲ್ಲ. ಹಳೇ ಆಟದಲ್ಲಿ ಕಣ್ಣು ಮುಚ್ಚಿ ದಾಟುತ್ತಿದ್ದ ಪಾರ್ಟ್‌ನರ್ ಕೂಡ ಇಲ್ಲಿ ಪ್ರತಿ ಸಲ ಬೀಳುತ್ತಿದ್ದ. ಬಿದ್ದರೆ ಹಳೇ ಸಂಪ್ರದಾಯದಂತೆ ಕಾಲು ಮೇಲೆ. ಚೌಕಗಳ ಕಾಲದಲ್ಲಿ ಅದು ತಮಾಷೆಯಾಗಿತ್ತು. ಈಗ ಅಷ್ಟು ಕಷ್ಟಪಟ್ಟು ಉಡಿಸಿದ ಸೀರೆ ಇತ್ತು.

ಅತ್ತೆ ಅದನ್ನು ನೋಡಿ ಕೀಲಿಮಣೆಯಿಂದ ಕೈ ತೆಗೆದರು. "ಬೀಳಲಿ, ಬೀಳೋದು ಸಹಜ. ಆದರೆ ಹೀಗಲ್ಲ."

"ಮತ್ತ ಹೆಂಗ್ರಿ ಅಕ್ಕಾರ?"

ಅತ್ತೆ ಎದ್ದು ನಿಂತು ಹೇಗೆ ಅಂತ ಮಾಡಿ ತೋರಿಸಿದರು. ಮುಗ್ಗರಿಸಿ, ಬ್ಯಾಗನ್ನು ಮೊದಲು ಪಕ್ಕಕ್ಕೆ ಇಟ್ಟು, ಒಂದು ಕೈ ನೆಲಕ್ಕೆ ಊರಿ, ಮೆಲ್ಲಗೆ ಕೂತರು. ಸೆರಗು ಸರಿ ಮಾಡಿಕೊಂಡರು. ಆಚೆ ಈಚೆ ನೋಡಿದರು, ಯಾರಾದರೂ ನೋಡಿದರೇನೋ ಅಂತ. ಎದ್ದು, ಸೀರೆ ಕೊಡವಿ, ಬ್ಯಾಗು ತೆಗೆದುಕೊಂಡರು. ನಾನು ಅತ್ತೆ ಬಿದ್ದದ್ದನ್ನು ನಿಜವಾಗಿ ಒಂದೇ ಸಲ ನೋಡಿದ್ದೆ, ನಮ್ಮ ಮನೆ ಮೆಟ್ಟಿಲ ಹತ್ತಿರ. ಆಗಲೂ ಅವರು ಹೀಗೇ ಆಚೆ ಈಚೆ ನೋಡಿದ್ದರು.

ಈ ಬೀಳುವಿಕೆ ಮಾಡಲು ಇಂಜಿನಿಯರ್ ಎಷ್ಟು ಒದ್ದಾಡಿದನೋ, ಸೇತುವೆಗೆ ಅಷ್ಟು ಒದ್ದಾಡಿರಲಾರ. ಅದು ಮುಗಿಯುವಷ್ಟರಲ್ಲಿ ಕುಕ್ಕರ್ ಒಂದು ಸಲ ಕೂಗಿಬಿಡುತ್ತಿತ್ತು. ಪಾರ್ಟ್‌ನರ್ ಇದನ್ನು ಕತ್ತರಿಸು ಅಂದ. ಇಂಜಿನಿಯರ್ ಒಪ್ಪಲಿಲ್ಲ. "ಅಕ್ಕಾರು ಹೇಳ್ಯಾರ" ಅಂದ, ಅಷ್ಟೇ.

ಅಂತೂ ತೋರಿಸುವ ಹಂತಕ್ಕೆ ಬಂತು. ಸಿ.ಡಿ.ಗಳನ್ನು ಊರೂರಿಗೆ ಹಂಚುವ ವ್ಯಾಪಾರಿಯೊಬ್ಬರನ್ನು ಪಾರ್ಟ್‌ನರ್ ಕರೆತಂದ. ಸಫಾರಿ ಸೂಟು, ಎರಡು ಫೋನು. ಅತ್ತೆ ಒಂದು ಮೂಲೆಯಲ್ಲಿ ಪತ್ರಿಕೆ ಹಿಡಿದು, ತಮಗೂ ಇದಕ್ಕೂ ಸಂಬಂಧವಿಲ್ಲದವರ ಹಾಗೆ ಕೂತಿದ್ದರು. ವ್ಯಾಪಾರಿ ಆಡಿದರು, ಬಿದ್ದರು, ಆಂಟಿ ಕೂತು ಎದ್ದದ್ದನ್ನು ನೋಡಿ ಹೊಟ್ಟೆ ಹಿಡಿದು ನಕ್ಕರು. ಮತ್ತೆ ಬೇಕಂತಲೇ ಬಿದ್ದರು. ನಮಗೆ ಗೆದ್ದೆವು ಅನ್ನಿಸಿತು.

ನಗು ಮುಗಿಸಿ ಅವರು ಕರ್ಚೀಫಿನಲ್ಲಿ ಕಣ್ಣು ಒರೆಸಿಕೊಂಡು ಹೇಳಿದರು: "ಸಖತ್ತಾಗಿದೆ. ಒಂದೇ ಒಂದು ಚೇಂಜು. ಆಂಟಿ ಬೇಡ. ಒಬ್ಬ ಹುಡುಗಿನ ಹಾಕಿ. ಜೀನ್ಸ್ ಹಾಕಿಸಿ. ಮುಂದಿನ ವಾರಾನೇ ತಗೋತೀನಿ."

ಪಾರ್ಟ್‌ನರ್ ನನ್ನ ಮುಖ ನೋಡಿದ. ಅವನ ತಲೆಯಲ್ಲಿ ಏನು ಓಡುತ್ತಿದೆ ಅಂತ ನನಗೆ ಗೊತ್ತಾಯಿತು, ಯಾಕೆಂದರೆ ನನ್ನ ತಲೆಯಲ್ಲೂ ಅದೇ ಓಡುತ್ತಿತ್ತು. ಜೀನ್ಸ್ ಅಂದರೆ ಎರಡು ಕೊಳವೆ. ನೆರಿಗೆ ಇಲ್ಲ, ಸೆರಗಿಲ್ಲ, ಎಲ್ಲ ಕಷ್ಟವೂ ಒಂದೇ ಏಟಿಗೆ ಮಾಯ. ಮೂಲೆಯಲ್ಲಿ ಪತ್ರಿಕೆಯ ಹಾಳೆ ಮಗುಚಿದ ಸದ್ದಾಯಿತು. ಅತ್ತೆ ತಲೆ ಎತ್ತಲಿಲ್ಲ.

ಮಾತಾಡಿದವನು ಇಂಜಿನಿಯರ್. ಹೊರಗಿನವರ ಮುಂದೆ ಕೇಳಿದರೆ ಮಾತ್ರ ಉತ್ತರ ಕೊಡುತ್ತಿದ್ದ ಮನುಷ್ಯ.

"ಆಗೂದಿಲ್ರಿ ಸರ. ಇಷ್ಟು ದಿನ ನೆರಿಗಿ ಹಿಡಿಯೂದು ಕಲ್ತೀನಿ. ನಾನು ಸೀರಿ ಉಟ್ಟು ಅಡ್ಡಾಡೀನಿ. ಈಗ ಜೀನ್ಸ್ ಹಾಕ ಅಂದ್ರ ಹೆಂಗ್ರಿ?"

ವ್ಯಾಪಾರಿಗೆ ಏನು ಅರ್ಥವಾಯಿತೋ, ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಒಂದು ಫೋನನ್ನು ಕಿವಿಗೆ ಹಿಡಿದುಕೊಂಡು ಎದ್ದರು. ಫೋನು ರಿಂಗಾಗಿರಲಿಲ್ಲ. ಅವರು ಹೋದ ಮೇಲೆ ಪಾರ್ಟ್‌ನರ್, "ಹೋಗ್ಲಿ ಬಿಡು ಗುರು, ಆ ಹುಡುಗಿ ಯಾರು ಅಂತಾನೇ ನಮಗೆ ಗೊತ್ತಿಲ್ಲ" ಅಂದ. ಅತ್ತೆ ಪತ್ರಿಕೆ ಮಡಿಸಿ, ಡಬ್ಬಿಯ ಮುಚ್ಚಳ ತೆಗೆದು, ಮೊದಲು ಇಂಜಿನಿಯರನ ಮುಂದೆ ಇಟ್ಟರು.

ಕೊಳ್ಳುವವರಿಲ್ಲ ಅಂದಮೇಲೆ ಅವಸರವೂ ಇರಲಿಲ್ಲ. ಅತ್ತೆ ದಿನಾ ಮಧ್ಯಾಹ್ನ ಬಂದು ಆಡಿ ತಪ್ಪುಗಳನ್ನು ಹೇಳುತ್ತಿದ್ದರು. ಕ್ರಮೇಣ ಅವರು ಆಟದಲ್ಲಿ ಮಾರ್ಕೆಟ್ಟಿಗೆ ಹೋಗುವುದನ್ನೇ ಬಿಟ್ಟರು. ಆ ಕಡೆ ತಿರುಗಬಹುದು ಅಂತ ಗೊತ್ತಾಗಿತ್ತಲ್ಲ, ಮನೆಯಿಂದ ಹೊರಟು ಎಡಕ್ಕೆ ಹೋಗುತ್ತಿದ್ದರು. ಕುಕ್ಕರ್ ಕೂಗಿದರೆ, "ಕೂಗಲಿ, ನೀರು ಜಾಸ್ತಿ ಇಟ್ಟಿದೀನಿ" ಅನ್ನುತ್ತಿದ್ದರು. ಒಂದು ದಿನ ಎಡಗಡೆಯ ರಸ್ತೆ ಮುಗಿದು, ನೆಲವೂ ಮುಗಿದು, ಬೂದು ಬಣ್ಣದ ಶೂನ್ಯದ ಅಂಚಿನಲ್ಲಿ ನಿಂತು ನಮ್ಮನ್ನು ಕರೆದರು.

"ಇಲ್ಲಿಂದ ಮುಂದೆ ಯಾಕೆ ಏನೂ ಇಲ್ಲ?"

"ಅಷ್ಟೇ ಕಟ್ಟಿದೀವ್ರಿ ಅಕ್ಕಾರ. ಅಲ್ಲಿಗಿ ಯಾರು ಬರ್ತಾರ?"

"ನಾನು ಬಂದಿದೀನಲ್ಲ."

ಇಂಜಿನಿಯರ್ ಬೆಂಗಳೂರು ಹೆಚ್ಚು ನೋಡಿರಲಿಲ್ಲ. ರೂಮಿನ ಗೆಳೆಯರ ಜೊತೆ ಒಂದು ಭಾನುವಾರ ಊರಾಚೆಯ ಬೇಗೂರಿಗೆ ಹೋಗಿ ದೇವಸ್ಥಾನವನ್ನೂ ಕೆರೆಯನ್ನೂ ನೋಡಿ ಬಂದಿದ್ದ. ಅದನ್ನೇ ಕಟ್ಟಿದ. ಹೀಗಾಗಿ ನಮ್ಮ ಗೇಮಿನಲ್ಲಿ ಜಯನಗರದ ಅಡ್ಡರಸ್ತೆ ದಾಟಿದರೆ ಬೇಗೂರು ಕೆರೆ. ದಂಡೆಯ ಮೇಲೆ ಒಂದು ಕಲ್ಲಿನ ಬೆಂಚು, ನೀರಿನಲ್ಲಿ ಮೂರ್ನಾಲ್ಕು ಬಾತುಕೋಳಿ, ಅವು ಒಂದೇ ದಿಕ್ಕಿಗೆ ಈಜುತ್ತಿದ್ದವು.

"ಜಯನಗರಕ್ಕೆ ಬೇಗೂರು ಇಷ್ಟು ಹತ್ರಾನಾ?" ಅಂದರು ಅತ್ತೆ.

"ತ್ರೀಡಿಯೊಳಗ ಹತ್ರನ ಬರ್ತೈತ್ರಿ."

ಅತ್ತೆ ವಾದಿಸಲಿಲ್ಲ. ಆಂಟಿಯನ್ನು ಬೆಂಚಿನ ಮೇಲೆ ಕೂರಿಸಿ, ತಾವೂ ಕುರ್ಚಿಗೆ ಒರಗಿ, ಇಬ್ಬರೂ ಬಾತುಕೋಳಿ ನೋಡುತ್ತಾ ಕೂತರು. ಮೂರನೇ ಕೂಗು ಆಗಿ ಆಟ ಮುಗಿಯಿತು. ಮತ್ತೆ ಹೊರಟು ಮತ್ತೆ ಅಲ್ಲಿಗೇ ಹೋದರು. ಅವರ ಕಾಟ ತಡೆಯದೆ ಇಂಜಿನಿಯರ್ ಬೆಂಚಿನ ಮೇಲೆ ಕೂತಿರುವಷ್ಟು ಹೊತ್ತು ಕುಕ್ಕರ್ ಕೂಗದ ಹಾಗೆ ಮಾಡಿಕೊಟ್ಟ.

ಕಡೆಗೆ ನಾವೇ ಸಿ.ಡಿ. ಬರೆದು, ಗೊತ್ತಿದ್ದ ಕೆಫೆಗಳಿಗೆಲ್ಲ ಕೊಟ್ಟು ಬಂದೆವು. ಕೆಲವರು ಹಾಕಿದರು, ಹಲವರು ಹಾಕಲಿಲ್ಲ. ಹಳೇ ಆಟ ಆಡಿ ಬೆಳೆದವರು ಬಂದು ಆಡಿ, ಮೊದಲಿನದೇ ಚೆನ್ನಾಗಿತ್ತು ಅಂತ ಹೇಳಿ ಹೋದರಂತೆ. ಹೆಸರು ಮಾಡಲಿಲ್ಲ, ಪೂರ್ತಿ ಮುಳುಗಲೂ ಇಲ್ಲ. ಒಂದು ವರ್ಷದ ಮೇಲೆ ಇಂಜಿನಿಯರನಿಗೆ ಮತ್ತೆ ಸೇತುವೆಗಳ ಕೆಲಸ ಸಿಕ್ಕಿತು. ಹೋಗುವಾಗ ಅತ್ತೆಯ ಕಾಲಿಗೆ ನಮಸ್ಕಾರ ಮಾಡಿದ, ಅವರು ಒಂದು ಡಬ್ಬಿ ತುಂಬ ಕೋಡುಬಳೆ ಕೊಟ್ಟು, ಡಬ್ಬಿ ವಾಪಸ್ಸು ಕೊಡಬೇಕು ಅಂತ ಹೇಳಿ ಕಳಿಸಿದರು. ನಾವು ಕಪ್ಪೆಯ ಹೃದಯಕ್ಕೆ ಮರಳಿದೆವು.

ಆ ಮಳೆಗಾಲದಲ್ಲಿ ನಾನೂ ಅತ್ತೆಯೂ ಬನಶಂಕರಿಗೆ ಹೋಗಿದ್ದಾಗ ಜೋರು ಮಳೆ ಬಂದು ಒಂದು ಸೈಬರ್ ಕೆಫೆಯೊಳಗೆ ನುಗ್ಗಿದೆವು. ಮೂಲೆಯ ಕಂಪ್ಯೂಟರಿನಲ್ಲಿ ಇಬ್ಬರು ಕಾಲೇಜು ಹುಡುಗಿಯರು ನಮ್ಮ ಗೇಮು ಆಡುತ್ತಿದ್ದರು. ಅತ್ತೆ ಸದ್ದಿಲ್ಲದೆ ಹೋಗಿ ಅವರ ಹಿಂದೆ ನಿಂತರು. ಒಬ್ಬಳು ತಿರುಗಿ ನೋಡಿದಳು. ಗುರುತು ಹಿಡಿಯಲಿಲ್ಲ.

"ಆಂಟಿ, ನೀವೂ ಆಡ್ತೀರಾ? ಸುಲಭ ಇದೆ, ಹೇಳಿಕೊಡ್ತೀವಿ" ಅಂದಳು.

ಇವರಿಗೆ ಗೊತ್ತು ಅಂತ ಹೇಳಲು ನಾನು ಬಾಯಿ ತೆರೆದೆ. ಅತ್ತೆ ನನ್ನ ಕಡೆ ಒಂದು ನೋಟ ನೋಡಿದರು, ಮುಚ್ಚಿಕೊಂಡೆ. ಅವರು ಕುರ್ಚಿ ಎಳೆದು ಇಬ್ಬರ ನಡುವೆ ಕೂತರು. "ಈ ಬಟನ್ ಒತ್ತಿದರೆ ಹೋಗ್ತಾರೆ, ಇದು ಒತ್ತಿದರೆ ತಿರುಗ್ತಾರೆ" ಅಂತ ಹುಡುಗಿಯರು ಹೇಳಿದ್ದನ್ನೆಲ್ಲ ತಲೆಯಾಡಿಸುತ್ತಾ ಕೇಳಿಸಿಕೊಂಡರು. ಒಂದೆರಡು ಸಲ ಬೇಕಂತಲೇ ತಪ್ಪು ಮಾಡಿ, ಅವರಿಂದ ತಿದ್ದಿಸಿಕೊಂಡರು. ಜೀವಮಾನವಿಡೀ ಪಾಠ ಹೇಳಿದವರು ಅಷ್ಟು ವಿಧೇಯವಾಗಿ ಪಾಠ ಹೇಳಿಸಿಕೊಳ್ಳುವುದನ್ನು ನಾನು ಅದಕ್ಕೆ ಮೊದಲೂ ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ. ಮಳೆ ನಿಂತಿತು. ಹೊರಡೋಣ ಅಂತ ನಾನು ಭುಜ ಮುಟ್ಟಿದರೆ, "ಇರೇ, ಈ ಮಗು ಏನೋ ಹೇಳಿಕೊಡ್ತಿದೆ" ಅಂದರು. ನಾನು ಬಾಗಿಲ ಹತ್ತಿರದ ಸ್ಟೂಲಿನ ಮೇಲೆ ಕೂತು, ಕೊಡೆ ಮಡಿಸಿ ಕಾದೆ.